ಚಾವಣಿಗೆ ತೂತು ಕೊರೆದು ನಾಲ್ಕು ವರ್ಷ: ಎನ್‌ಎಂಒ ಆಂಟೆನಾ ಮೌಂಟ್ ಹೇಗಿದೆ?

ನಾಲ್ಕು ಮಳೆಗಾಲ ಕಳೆದವು. ಕಾರಿನ ಚಾವಣಿಯ ತೂತಿನಿಂದ ಒಂದು ಹನಿ ನೀರೂ ಒಳಗೆ ಬಂದಿಲ್ಲ. ಈ ಮೌಂಟ್ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಅದಕ್ಕೇ ಮೊದಲು ಹೇಳಿದೆ.

ಎನ್‌ಎಂಒ ಅಂದರೆ ಆಂಟೆನಾ ಅಲ್ಲ, ಆಂಟೆನಾ ಕೂರುವ ಪೀಠ. ತಗಡಿಗೆ 19 ಮಿಲಿಮೀಟರ್ ತೂತು ಕೊರೆದು, ಒಳಗಿನಿಂದ ಒಂದು ಭಾಗ, ಹೊರಗಿನಿಂದ ಒಂದು ಹಿತ್ತಾಳೆ ರಿಂಗ್ ಕೂರಿಸಿ ಬಿಗಿ ಮಾಡುತ್ತೇವೆ. ಅದರ ಮೇಲೆ ಬೇಕಾದ ಆಂಟೆನಾ ತಿರುಗಿಸಿ ಹಾಕಬಹುದು, ಬೇಡದಾಗ ಬಿಚ್ಚಬಹುದು. ನಾನು ಲೈಸೆನ್ಸ್ ಇರುವ ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು. ಕಾರಿನಲ್ಲಿ 50 ವ್ಯಾಟ್‌ನ ರೇಡಿಯೋ ಇದೆ. ಮಾತು ಜಾಸ್ತಿ ನಡೆಯುವುದು 145 ಮೆಗಾಹರ್ಟ್ಸ್ ಸುತ್ತಮುತ್ತ, ಅಪರೂಪಕ್ಕೆ 435ರಲ್ಲಿ. ಇದೇ ಕಾರಿನಲ್ಲಿ ಇದಕ್ಕೂ ಮೊದಲು ಎರಡು ಬಗೆಯ ಮೌಂಟ್ ಬಳಸಿ ಕೈಬಿಟ್ಟಿದ್ದೇನೆ. ಆ ಕಥೆ ಹೇಳದೆ ಇದರ ಬಗ್ಗೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಮೊದಲು ಇದ್ದದ್ದು ಮ್ಯಾಗ್ನೆಟ್ ಮೌಂಟ್. ಚಾವಣಿ ಮಧ್ಯಕ್ಕೆ ಟಪ್ ಅಂತ ಅಂಟಿಸಿದರೆ ಕೆಲಸ ಮುಗಿಯಿತು. ಇದನ್ನು ಬೈಯುವವರು ತುಂಬ ಜನ, ಆದರೆ ಸಿಗ್ನಲ್ ವಿಷಯದಲ್ಲಿ ನನಗೆ ದೂರು ಇರಲಿಲ್ಲ. ಬಣ್ಣದ ಪದರ ಅಡ್ಡ ಇದ್ದರೂ ಮ್ಯಾಗ್ನೆಟ್‌ನ ತಳ ಮತ್ತು ತಗಡು ಸೇರಿ ಒಂದು ಕೆಪಾಸಿಟರ್‌ನಂತೆ, ಅಂದರೆ ನೇರ ತಾಗದೆಯೂ ಸಿಗ್ನಲ್ ದಾಟಿಸುವ ಹಾಗೆ, ಕೆಲಸ ಮಾಡುತ್ತವೆ. 145ರಲ್ಲಿ ಅಷ್ಟು ಸಾಕು. ನನ್ನನ್ನು ಸೋಲಿಸಿದ್ದು ಬೇರೆ ಸಂಗತಿಗಳು. ಕೇಬಲ್ ಬಾಗಿಲ ಸಂದಿಯಲ್ಲಿ ನುಗ್ಗಬೇಕು. ದಿನಕ್ಕೆ ಹತ್ತು ಸಲ ಬಾಗಿಲು ಹಾಕಿ ತೆಗೆದು ಅದು ಚಪ್ಪಟೆ ಆಯಿತು. ಕೇಬಲ್ ಗುಂಟ ಮಳೆ ನೀರು ಒಳಗೆ ಇಳಿದು ಸೀಟು ಒದ್ದೆ. ತಳಕ್ಕೆ ಧೂಳು ಸೇರಿ ಬಣ್ಣದ ಮೇಲೆ ದುಂಡಗೆ ಗೀರು. ಕೊನೆಗೆ ಒಂದು ದಿನ ಬಗ್ಗಿದ ಕೊಂಬೆಯೊಂದು ಆಂಟೆನಾ ಕಿತ್ತು ಹಾಕಿತು. ಕೇಬಲ್‌ಗೆ ನೇತಾಡುತ್ತಾ ಅದು ಬಾಗಿಲಿಗೆ ಡಬಡಬ ಬಡಿಯುತ್ತಿತ್ತು. ನಾನು ಗಾಡಿ ನಿಲ್ಲಿಸುವಷ್ಟರಲ್ಲಿ ಬಾಗಿಲ ಮೇಲೆ ಮೂರು ಗುಳಿ ಬಿದ್ದಿದ್ದವು.

ತೂತು ಕೊರೆಯುವ ಧೈರ್ಯ ಆಗಲೂ ಬರಲಿಲ್ಲ. ಹಿಂಬಾಗಿಲಿನ ಮೇಲಂಚಿಗೆ ಕಚ್ಚಿ ಹಿಡಿಯುವ ಲಿಪ್ ಮೌಂಟ್ ಹಾಕಿಸಿದೆ. ನನ್ನದು ಹ್ಯಾಚ್‌ಬ್ಯಾಕ್. ಹಾಗಾಗಿ ಆಂಟೆನಾ ಹೆಚ್ಚುಕಡಿಮೆ ಚಾವಣಿಯ ಎತ್ತರದಲ್ಲೇ, ಹಿಂದಿನ ಎಡ ಮೂಲೆಗೆ ಬಂತು. ನೋಡಲು ಚೆಂದ. ಎಸ್‌ಡಬ್ಲ್ಯುಆರ್ (ಆಂಟೆನಾ ಪವರ್ ಎಷ್ಟು ಚೆನ್ನಾಗಿ ತೆಗೆದುಕೊಳ್ಳುತ್ತದೆ ಅನ್ನುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 1.4. ಖುಷಿಯಾಗಿ ಓಡಾಡಿದೆ.

ಒಂದು ವಿಚಿತ್ರ ಗಮನಕ್ಕೆ ಬರಲು ಎರಡು ತಿಂಗಳು ಬೇಕಾಯಿತು. ಹೋಗುವಾಗ ಚೆನ್ನಾಗಿ ಸಿಗುತ್ತಿದ್ದ ರಿಪೀಟರ್ (ನಮ್ಮ ಮಾತು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಎತ್ತರದ ರೇಡಿಯೋ ಕೇಂದ್ರ), ಅದೇ ರಸ್ತೆಯಲ್ಲಿ ವಾಪಸ್ ಬರುವಾಗ ಕರಕರ ಅನ್ನುತ್ತಿತ್ತು. ರೇಡಿಯೋ ಬಿಚ್ಚಿ ನೋಡಿದೆ, ಕೇಬಲ್ ಬದಲಿಸಿದೆ, ಆಂಟೆನಾವನ್ನೂ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಬಯಲಿಗೆ ಹೋಗಿ, ದೂರದಲ್ಲಿದ್ದ ಗೆಳೆಯನಿಗೆ ತನ್ನ ರೇಡಿಯೋದ ಮೀಟರ್ ನೋಡುತ್ತಿರು ಅಂದೆ. ಪವರ್ 5 ವ್ಯಾಟ್‌ಗೆ ಇಳಿಸಿದೆ, ಇಲ್ಲದಿದ್ದರೆ ಮೀಟರ್ ತುದಿಗೆ ಅಂಟಿಕೊಂಡು ಕೂರುತ್ತದೆ, ಏನೂ ತಿಳಿಯುವುದಿಲ್ಲ. ಆಮೇಲೆ ಕಾರನ್ನು ಇದ್ದಲ್ಲೇ ಎಂಟು ದಿಕ್ಕಿಗೂ ತಿರುಗಿಸಿ ತಿರುಗಿಸಿ ಮಾತಾಡಿದೆ. ಕಾರಿನ ಬಲ ಮೂತಿ ಅವನ ಕಡೆ ಇದ್ದಾಗ ಸಿಗ್ನಲ್ ಜೋರು. ಹಿಂದಿನ ಎಡ ಮೂಲೆ, ಅಂದರೆ ಆಂಟೆನಾ ಇರುವ ಮೂಲೆಯೇ ಅವನ ಕಡೆ ಇದ್ದಾಗ ತೀರಾ ಮಂಕು.

ಕಾರಣ ಸರಳ. ನನ್ನದು ಕಾಲು ತರಂಗದ ಆಂಟೆನಾ, ಅಂದರೆ ಕಡ್ಡಿಯ ಉದ್ದ ರೇಡಿಯೋ ತರಂಗದ ಉದ್ದದ ಕಾಲು ಭಾಗ. ಇಂಥದ್ದು ಕೇವಲ ಅರ್ಧ ಆಂಟೆನಾ. ಉಳಿದ ಅರ್ಧ ಕಾರಿನ ತಗಡು. ತಗಡು ಯಾವ ಕಡೆ ಜಾಸ್ತಿ ಹರಡಿದೆಯೋ ಸಿಗ್ನಲ್ ಆ ಕಡೆ ವಾಲುತ್ತದೆ. ಹಿಂದಿನ ಎಡ ಮೂಲೆಯಲ್ಲಿ ನಿಲ್ಲಿಸಿದರೆ ತಗಡೆಲ್ಲ ಮುಂದೆ ಬಲಕ್ಕೆ ಇರುತ್ತದೆ, ಅಷ್ಟೇ. ಎಸ್‌ಡಬ್ಲ್ಯುಆರ್ ಮೀಟರ್ ಇದನ್ನು ಹೇಳುವುದೇ ಇಲ್ಲ. ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬಂತು ಅನ್ನುವುದು ಮಾತ್ರ ಅದಕ್ಕೆ ಗೊತ್ತು. 1.5 ಇದ್ದರೆ ಸುಮಾರು 4%, 2 ಇದ್ದರೆ ಸುಮಾರು 11%. ಹೊರಗೆ ಹೋದದ್ದು ಯಾವ ದಿಕ್ಕಿಗೆ ಹೋಯಿತು ಅನ್ನುವುದು ಅದರ ಲೆಕ್ಕದಲ್ಲಿಲ್ಲ. ನಾನು ಎರಡು ತಿಂಗಳು ಆ 1.4 ನೋಡಿಕೊಂಡು ನೆಮ್ಮದಿಯಾಗಿದ್ದೆ!

ಲಿಪ್ ಮೌಂಟ್‌ನ ಇನ್ನೊಂದು ಕಾಟ ಅರ್ಥಿಂಗ್. ಬಾಗಿಲಿನ ಒಳಬದಿಯ ಬಣ್ಣ ಕೊರೆದು ಒಳಗಿನ ತಗಡು ಮುಟ್ಟುವಂತೆ ಪುಟ್ಟ ಸ್ಕ್ರೂಗಳಿರುತ್ತವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ತುಕ್ಕು. ಅದೂ ಅಲ್ಲದೆ, ಹಿಂಬಾಗಿಲು ಮಿಕ್ಕ ಬಾಡಿಗೆ ತಾಗುವುದು ಬಣ್ಣ ಬಳಿದ, ಗ್ರೀಸ್ ಹಚ್ಚಿದ ಕೀಲುಗಳ ಮೂಲಕ ಮಾತ್ರ. ಗುಂಡಿ ಬಿದ್ದ ರಸ್ತೆಯಲ್ಲಿ ಎಸ್‌ಡಬ್ಲ್ಯುಆರ್ ಕುಣಿಯುತ್ತಿತ್ತು. ಬಾಗಿಲಿನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿದ ಮೇಲೆ ಕುಣಿತ ನಿಂತಿತು. ಲಿಪ್ ಮೌಂಟ್ ಇಟ್ಟುಕೊಂಡವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ಆ ಮೌಂಟ್ ಹಾಕಿಕೊಟ್ಟವರು ಕೇಬಲನ್ನು ಚಾವಣಿಯ ಪಕ್ಕದ ಅಂಚಿನಲ್ಲಿ ಎಳೆದಿದ್ದರು. ಅಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಅಪಘಾತದಲ್ಲಿ ಅದು ಬಿಚ್ಚಿಕೊಳ್ಳುವ ದಾರಿಗೆ ಸರಿಯಾಗಿ ಕೇಬಲ್ ಅಡ್ಡ! ನನಗೆ ಇದು ಗೊತ್ತಾದದ್ದು ತೂತು ಕೊರೆಯಲು ಒಳಹೊದಿಕೆ ಇಳಿಸಿದ ದಿನ. ಸಿಟ್ಟು ಬಂತು, ನಿಜ. ಆದರೆ ಕೆಲಸ ಒಪ್ಪಿಸಿ ಆಚೆ ನಿಂತು ಫೋನ್ ನೋಡುತ್ತಿದ್ದವನು ನಾನೇ ಅಲ್ವಾ?

ಇನ್ನು ತೂತಿನ ಕಥೆ. ಟಿಂಕರಿಂಗ್ ಗೊತ್ತಿದ್ದ ಗೆಳೆಯ ಜೊತೆಗಿದ್ದ. ಮಧ್ಯದ ದೀಪ ಬಿಚ್ಚಿ, ಹೊದಿಕೆ ಸ್ವಲ್ಪ ಇಳಿಸಿ, ಅಡ್ಡಪಟ್ಟಿ ಎಲ್ಲಿದೆ, ವೈರ್ ಎಲ್ಲಿ ಹೋಗಿದೆ ಅಂತ ಟಾರ್ಚ್ ಬಿಟ್ಟು ನೋಡಿದೆವು. ಕರಾರುವಾಕ್ಕಾಗಿ ಮಧ್ಯವೇ ಆಗಬೇಕೆಂದಿಲ್ಲ. ಪಟ್ಟಿ ತಪ್ಪಿಸಲು ನಾವು ನಾಲ್ಕು ಬೆರಳು ಹಿಂದೆ ಸರಿದೆವು. 145ಕ್ಕೆ ಆಂಟೆನಾ ಕಡ್ಡಿಯ ಉದ್ದ ಸುಮಾರು 49 ಸೆಂಟಿಮೀಟರ್. ಪೀಠದ ಸುತ್ತ ಎಲ್ಲ ಕಡೆ ಅಷ್ಟು ತಗಡು ಸಿಕ್ಕರೆ ಸಾಕು.

ಕೊರೆಯುವ ಜಾಗಕ್ಕೆ ಟೇಪ್ ಅಂಟಿಸಿ, ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಹಿಡಿದೆವು. ಒಂದು ಮಾತು: ತಗಡು ದಾಟಿದ ತಕ್ಷಣ ತಾನೇ ನಿಲ್ಲುವಂತೆ ಅಡ್ಡ ಅಂಚು ಇರುವ ಹೋಲ್ ಸಾ ಬರುತ್ತದೆ. ಅದನ್ನೇ ಬಳಸಿ. ಸುಮ್ನೆ ಕೈಯಂದಾಜಿಗೆ ಒತ್ತಿದರೆ ಒಳಹೊದಿಕೆಗೂ ತೂತು ಬೀಳುತ್ತದೆ. ಹಲ್ಲುಗಳಿಗೆ ಗ್ರೀಸ್ ಮೆತ್ತಿದರೆ ತಗಡಿನ ಚೂರು ಅದಕ್ಕೇ ಅಂಟುತ್ತದೆ. ಚೂರು ಚಾವಣಿ ಮೇಲೆ ಉಳಿದರೆ ಬೆಳಿಗ್ಗೆಗೆ ಅಲ್ಲೆಲ್ಲ ಕಂದು ಚುಕ್ಕೆ ಏಳುತ್ತದೆ. ಒಳಬದಿಯಲ್ಲಿ ಮೌಂಟ್‌ನ ಹಲ್ಲು ಕಚ್ಚುವ ಜಾಗದ ಬಣ್ಣ ಕೆರೆಯಬೇಕು, ಅಲ್ಲಿ ತಗಡಿಗೆ ತಗಡು ತಾಗಲೇಬೇಕು. ಹೊರಗಡೆ ತೂತಿನ ಅಂಚಿಗೆ ಮಾತ್ರ ಟಚ್‌ಅಪ್ ಬಣ್ಣ ಹಚ್ಚಿದೆವು. ಒಟ್ಟು ಮೂರು ಗಂಟೆ ಹಿಡಿಯಿತು. ಅದರಲ್ಲಿ ತೂತು ಕೊರೆದದ್ದು ಒಂದೇ ನಿಮಿಷ. ಅದಕ್ಕೆ ಮುಂಚಿನ ಅರ್ಧ ಗಂಟೆ ನಾನು ಡ್ರಿಲ್ ಹಿಡಿದು ಸುಮ್ಮನೆ ನಿಂತಿದ್ದೆ.

ಅದೇ ಬಯಲು, ಅದೇ ಗೆಳೆಯ, ಅದೇ 5 ವ್ಯಾಟ್. ಎಂಟು ದಿಕ್ಕಿಗೂ ತಿರುಗಿಸಿದೆ. ಮೀಟರ್ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತ್ತು. "ತಿರುಗಿಸ್ತಾ ಇದ್ದೀಯಾ, ಇಲ್ವಾ?" ಅಂತ ಅವನೇ ಕೇಳಿದ. ವಾಪಸ್ ಬರುವಾಗ ಆ ಕರಕರ ಇರಲಿಲ್ಲ. ರೇಡಿಯೋ ಹಳೆಯದೇ, ಆಂಟೆನಾ ಹಳೆಯದೇ, ಜಾಗ ಮಾತ್ರ ಹೊಸದು. ಇನ್ನೊಂದು ಲಾಭವನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಲಿಪ್ ಮೌಂಟ್ ಇದ್ದಾಗ 50 ವ್ಯಾಟ್ ಹೊರಡುವ ಕಡ್ಡಿಗೂ ಹಿಂದಿನ ಸೀಟಿನಲ್ಲಿ ಕೂತವರ ತಲೆಗೂ ನಡುವೆ ಇದ್ದದ್ದು ಮುಖ್ಯವಾಗಿ ಗಾಜು. ಈಗ ನಡುವೆ ಚಾವಣಿಯ ತಗಡು ಇದೆ.

ಕಿರಿಕಿರಿ ಇಲ್ಲವೇ? ಇದೆ. ತಗ್ಗು ಚಾವಣಿಯ ಪಾರ್ಕಿಂಗ್ ಒಳಗೆ ಹೋಗುವಾಗ ಇಳಿದು ಆಂಟೆನಾ ಬಿಚ್ಚಬೇಕು. ಬಿಚ್ಚಿದ ಮೇಲೆ ಪೀಠಕ್ಕೆ ಮುಚ್ಚಳ ಹಾಕಲೇಬೇಕು. ಆ ಮುಚ್ಚಳ ಒಮ್ಮೆ ಕಳೆದುಹೋಗಿ, ಒಂದು ವಾರ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಓಡಾಡಿದೆ. ಅದರಿಂದಲೇ ಇರಬೇಕು, ಮಧ್ಯದ ಹಿತ್ತಾಳೆ ಬಿಂದು ಕಪ್ಪಾಯಿತು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ, ಸರಿಹೋಯಿತು. ಮೂರನೇ ವರ್ಷ ನೀರು ತಡೆಯುವ ರಬ್ಬರ್ ಓ-ರಿಂಗ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸೋರುವ ಮೊದಲೇ ಕಣ್ಣಿಗೆ ಬಿತ್ತು. ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಬಿಚ್ಚಿ ನೋಡಿ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರುತ್ತೇನೆ.

ಆಸೆಗೆ ಬಿದ್ದು ಇದೇ ಪೀಠದ ಮೇಲೆ ಒಂದೂಕಾಲು ಮೀಟರ್ ಎತ್ತರದ 5/8 ತರಂಗದ ಆಂಟೆನಾವನ್ನೂ ಹಾಕಿ ನೋಡಿದೆ. ಬಯಲು ಸೀಮೆಯಲ್ಲಿ ದೂರಕ್ಕೆ ಹೋಗುತ್ತದೆ, ಸುಳ್ಳಲ್ಲ. ಗುಡ್ಡದ ನಡುವೆ ಹೋದಾಗ ಗಿಡ್ಡ ಕಡ್ಡಿಯೇ ವಾಸಿ ಅನ್ನಿಸಿತು. ಉದ್ದದ್ದು ಸಿಗ್ನಲನ್ನು ನೆಲಕ್ಕೆ ಹತ್ತಿರ ಒತ್ತಿ ಕಳಿಸುತ್ತದೆ, ಗುಡ್ಡದ ನೆತ್ತಿಯ ರಿಪೀಟರ್ ಇರುವುದು ಮೇಲೆ. ಜೊತೆಗೆ ಗಾಳಿಗೆ ಶಿಳ್ಳೆ, ಮರದ ಕೊಂಬೆಗಳಿಗೆ ಚಾಟಿ ಏಟು. ಎರಡು ವಾರಕ್ಕೆ ಬಿಚ್ಚಿಟ್ಟೆ.

ಕೇಬಲ್ ಬಗ್ಗೆಯೂ ಹೇಳಬೇಕು. ಮೌಂಟ್ ಜೊತೆ ಬಂದದ್ದು 5 ಮೀಟರ್ ಆರ್‌ಜಿ-58. 145ರಲ್ಲಿ ಅಷ್ಟು ಉದ್ದಕ್ಕೆ ಸುಮಾರು 1 ಡೆಸಿಬೆಲ್ ನಷ್ಟ, ಅಂದರೆ ಐದರಲ್ಲಿ ಒಂದು ಪಾಲು ಪವರ್ ಕೇಬಲಲ್ಲೇ ಬಿಸಿಯಾಗಿ ಹೋಗುತ್ತದೆ. 435ರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ. ಮಿಕ್ಕ ಕೇಬಲನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕುವ ಬದಲು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದು ಮಾತ್ರ ಆಂಟೆನಾ ಜಾಗ ಬದಲಿಸಿದರೂ ಹೋಗಲಿಲ್ಲ. ರೇಡಿಯೋಗೆ ಕರೆಂಟನ್ನು ನೇರ ಬ್ಯಾಟರಿಯಿಂದ, ಫ್ಯೂಸ್ ಹಾಕಿ ಎಳೆದ ಮೇಲೆ ಹೋಯಿತು.

ಎಲ್ಲರಿಗೂ ಇದು ಹೊಂದುವುದಿಲ್ಲ. ಗಾಜಿನ ಚಾವಣಿ, ದೊಡ್ಡ ಸನ್‌ರೂಫ್, ಫೈಬರ್ ಬಾಡಿ ಇದ್ದರೆ ಬಿಟ್ಟುಬಿಡಿ. ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ ಅದಕ್ಕೆ ಅರ್ಧ ತರಂಗದ ಆಂಟೆನಾ ಕಟ್ಟಬಹುದು, ಅದು ಕೆಳಗಿನ ತಗಡನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಗಾಡಿ ನಿಮ್ಮದಲ್ಲದಿದ್ದರೆ ಮ್ಯಾಗ್ನೆಟ್ ಮೌಂಟೇ ಸರಿ, ಕೆಳಗೆ ಧೂಳು ಒರೆಸುತ್ತಿರಿ. ಬಾನೆಟ್ ಅಂಚು ನಡೆಯುತ್ತದೆ, ಎಂಜಿನ್ ಗದ್ದಲ ಹತ್ತಿರ ಅನ್ನುವುದೊಂದು ಬಿಟ್ಟರೆ. ಬಂಪರ್‌ಗೆ ಈ ಗಿಡ್ಡ ಕಡ್ಡಿ ಬೇಡವೇ ಬೇಡ, ಇಡೀ ಕಾರೇ ಗೋಡೆಯಾಗಿ ನಿಲ್ಲುತ್ತದೆ. 27 ಮೆಗಾಹರ್ಟ್ಸ್‌ನ ಸಿಬಿ ರೇಡಿಯೋದವರ ಪೂರ್ತಿ ಉದ್ದದ ಕಡ್ಡಿ 2.7 ಮೀಟರ್ ದಾಟುವುದರಿಂದ ಅವರಿಗೆ ಬಂಪರ್ ಬಿಟ್ಟು ಗತಿ ಇಲ್ಲ, ಅದು ಬೇರೆ ಮಾತು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಮುಚ್ಚಳಕ್ಕೆ. ಅದಕ್ಕೊಂದು ಪುಟ್ಟ ದಾರವನ್ನಾದರೂ ಕಟ್ಟಿ ಕೊಡಬಾರದಿತ್ತೇ?