‘ಎಲ್ಲ ರೆಕಾರ್ಡೂ ಬಂದಿದೆ’ ಅಂದ ಮಾತ್ರಕ್ಕೆ ಸಹಿ ಹಾಕಬೇಡಿ

ಬಿಲ್ಲಿಂಗ್ ಒಂದು ಕಡೆ, ಅಕೌಂಟ್ಸ್ ಇನ್ನೊಂದು ಕಡೆ ಇದೆಯಾ? ಎರಡನ್ನೂ ಜೋಡಿಸಿಕೊಡ್ತೀವಿ ಅಂತ ಯಾರಾದ್ರೂ ಬಂದರೆ ಮೊದಲು ಇದನ್ನು ಓದಿ, ಆಮೇಲೆ ಮಾತಾಡಿ.

ನಮ್ಮ ಬಿಲ್ಲಿಂಗ್ ಲಿನಕ್ಸ್ ಸರ್ವರ್‌ನಲ್ಲಿದೆ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಅಕೌಂಟ್ಸ್ ಇರುವುದು ವಿಂಡೋಸ್‌ನಲ್ಲಿ, ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಮೇಲೆ. ಒಂದೇ ಎಂಟ್ರಿಯನ್ನು ಎರಡು ಸಲ ಹಾಕುವುದು ತಪ್ಪಲಿ ಅಂತ ಒಬ್ಬ ವೆಂಡರ್‌ಗೆ ಕೆಲಸ ಕೊಟ್ಟೆವು. ‘ಓಡಿಬಿಸಿ ಡ್ರೈವರ್ (ಪ್ರೋಗ್ರಾಮ್‌ಗೂ ಡೇಟಾಬೇಸ್‌ಗೂ ನಡುವಿನ ಸೇತುವೆ) ಹಾಕಿದ್ರೆ ಆಯ್ತು, ಯಾವ ಡೇಟಾಬೇಸ್ ಆದ್ರೇನು’ ಅಂದರು.

ಶುರುವಿನ ತೊಂದರೆಗಳ ಬಗ್ಗೆ ಜಾಸ್ತಿ ಹೇಳಲ್ಲ. ವೆಂಡರ್‌ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡಿದ ಕ್ವೆರಿಗೆ (ಡೇಟಾಬೇಸ್‌ಗೆ ಕೊಡುವ ಆದೇಶ) ಲಿನಕ್ಸ್ ಸರ್ವರ್ ‘ಅಂಥ ಟೇಬಲ್ಲೇ ಇಲ್ಲ’ ಅಂತು. ಲಿನಕ್ಸ್‌ನಲ್ಲಿ ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. 32 ಬಿಟ್ ಪ್ರೋಗ್ರಾಮ್‌ಗೆ 64 ಬಿಟ್ ಡ್ರೈವರ್ ಕಾಣಲಿಲ್ಲ. (ಹೆಸರಲ್ಲಿ 32 ಇದ್ದರೂ ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿರೋದು 64 ಬಿಟ್‌ನ ಓಡಿಬಿಸಿ ಸೆಟ್ಟಿಂಗ್. ಯಾರ ತಲೆಗೆ ಹೊಳೆದಿತ್ತೋ!) ಇಂಥವು ಬಂದರೆ ಕೆಲಸ ನಿಲ್ಲುತ್ತದೆ, ಯಾರೋ ಸರಿ ಮಾಡುತ್ತಾರೆ. ಲೆಕ್ಕ ಕೆಡುವುದಿಲ್ಲ.

ನಮ್ಮ ಲೆಕ್ಕ ಕೆಟ್ಟಿದ್ದು ಎರರ್ರೇ ಬಾರದ ಜಾಗಗಳಲ್ಲಿ.

ಮೊದಲನೆಯದು ರಸೀದಿಗಳ ತಾರೀಖು. ಎಸ್‌ಕ್ಯೂಎಲ್ ಸರ್ವರ್‌ನ ತಾರೀಖು, ಸಮಯ ಇಡುವ ಹಳೆಯ ಡೇಟ್‌ಟೈಮ್ ಕಾಲಂ 2024-04-03 ಅನ್ನುವುದನ್ನು ಲಾಗಿನ್‌ನ ಭಾಷೆ ನೋಡಿ ಓದುತ್ತದೆ. ಬ್ರಿಟಿಷ್ ಇಂಗ್ಲಿಷ್ ಇದ್ದರೆ ವರ್ಷದ ನಂತರ ದಿನ, ಆಮೇಲೆ ತಿಂಗಳು ಅಂತ ಓದುತ್ತದೆ; ಅದು ಏಪ್ರಿಲ್ 3 ಅಲ್ಲ, ಮಾರ್ಚ್ 4. ತಾರೀಖು 12 ದಾಟಿದರೆ ಅಂಥ ತಿಂಗಳೇ ಇಲ್ಲವಲ್ಲ, ಎರರ್ ಬರುತ್ತದೆ. ನಮಗೂ ಬಂತು. ವೆಂಡರ್ ಮಾಡಿದ ರಿಪೇರಿ ಏನು ಗೊತ್ತಾ? ಎರರ್ ಬಂದ ಸಾಲನ್ನು ಮಾತ್ರ ಇನ್ನೊಂದು ರೀತಿ ಓದುವುದು! 13ರಿಂದ ಆಚೆಗೆ ಎಲ್ಲ ಸರಿ, 12ರೊಳಗಿನವು ಬೇರೆ ತಿಂಗಳಿಗೆ. ಎರರ್ ಲಾಗ್ ಮಾತ್ರ ಖಾಲಿ.

ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮ ಬಿಲ್ಲಿಂಗ್ ದಿನದ ಒಟ್ಟು ಮಾರಾಟವನ್ನು 23:59:59.999 ಅನ್ನುವ ಸಮಯ ಹಾಕಿ ಬರೆಯುತ್ತದೆ. ಅದೇ ಡೇಟ್‌ಟೈಮ್ ಕಾಲಂಗೆ ಅಷ್ಟು ನಿಖರತೆ ಇಲ್ಲ. ಮಿಲಿಸೆಕೆಂಡ್‌ಗಳನ್ನು 0, 3, 7ರಲ್ಲಿ ಕೊನೆಯಾಗುವಂತೆ ಹತ್ತಿರದ್ದಕ್ಕೆ ತಳ್ಳುತ್ತದೆ. 999 ಹೋಗಿ ಮರುದಿನ 00:00:00 ಆಗುತ್ತದೆ. ಅಂದರೆ ಪ್ರತಿ ದಿನದ ಮಾರಾಟವೂ ಮರುದಿನದ ತಾರೀಖಿಗೆ. 31ರ ಮಾರಾಟ ಮುಂದಿನ ತಿಂಗಳಿಗೆ, ಹಿಂದಿನ ತಿಂಗಳ ಕೊನೆಯ ದಿನದ್ದು ಈ ತಿಂಗಳಿಗೆ. ರೆಕಾರ್ಡ್‌ಗಳ ಸಂಖ್ಯೆ ಸರಿ, ಒಟ್ಟು ಮೊತ್ತವೂ ಸರಿ. ತಿಂಗಳ ಮೊತ್ತದಲ್ಲೂ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ದಿನದಿನದ್ದೂ ತಾಳೆ ನೋಡಿದಾಗಲೇ ಸಿಕ್ಕಿದ್ದು. ಹೆಚ್ಚು ನಿಖರವಾದ ಡೇಟ್‌ಟೈಮ್2 ಕಾಲಂ ಬಳಸಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಇದರ ಜೊತೆಗೆ ಎರಡು ಸಿಸ್ಟಮ್‌ಗಳ ನಡುವೆ ಡೇಟಾ ಇಡುವ ಟೇಬಲ್‌ನಲ್ಲಿ ಮೊತ್ತಕ್ಕೆ ಫ್ಲೋಟ್ ಇಟ್ಟಿದ್ದರು. ಅದು ಸಂಖ್ಯೆಯನ್ನು ಅಂದಾಜಾಗಿಯಷ್ಟೇ ಹಿಡಿಯುತ್ತದೆ. ದುಡ್ಡಿಗೆ ಪೈಸೆಯವರೆಗೂ ನಿಖರವಾಗಿ ಹಿಡಿಯುವ ಡೆಸಿಮಲ್ ಬಿಟ್ಟು ಬೇರೇನೂ ಇಡಬಾರದು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಕೇಳಿದ್ದಕ್ಕೆ ವೆಂಡರ್ ಸಾಲುಗಳ ಲೆಕ್ಕ ತೋರಿಸಿದರು: ಅಲ್ಲಿಂದ ಹೊರಟಷ್ಟೂ ಇಲ್ಲಿಗೆ ಬಂದಿದೆ, ಅಷ್ಟೇ. ಒತ್ತಾಯಿಸಿದ ಮೇಲೆ, ‘ರಾತ್ರಿ ಒಂದು ಅಪ್‌ಡೇಟ್ ಕ್ವೆರಿ ಓಡಿಸಿ ಸರಿ ಮಾಡ್ತೀವಿ’ ಅಂದರು. ನಾವು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಮುಗಿಸಿ ಲಾಕ್ ಮಾಡಿದ ತಿಂಗಳೊಳಗೆ ಟೇಬಲ್‌ಗೇ ಕೈ ಹಾಕಿದರೆ ಸಾಫ್ಟ್‌ವೇರ್‌ನ ಲಾಕೂ ತಡೆಯಲ್ಲ, ಯಾರು ಏನು ಬದಲಿಸಿದರು ಅನ್ನುವ ದಾಖಲೆಯೂ ಉಳಿಯಲ್ಲ. ಆಡಿಟರ್ ಕೇಳಿದಾಗ ಉತ್ತರ ಕೊಡಬೇಕಾದವರು ನಾವು, ವೆಂಡರ್ ಅಲ್ಲ.

ಕೆಲಸ ಒಪ್ಪಿಸುವ ಮೊದಲೇ ಇವನ್ನು ಬರೆಸಿಕೊಳ್ಳಿ. ತಾಳೆ ದಿನವಾರು, ಲೆಡ್ಜರ್‌ವಾರು ಇರಬೇಕು. ಪರೀಕ್ಷೆಗೆ ತಿಂಗಳ ಕೊನೆಯ ರಾತ್ರಿಯ ಎಂಟ್ರಿ, 12ರ ಒಳಗಿನ ತಾರೀಖು, ಕ್ರೆಡಿಟ್ ನೋಟ್ ಎಲ್ಲ ಇರಲಿ. ತಾರೀಖು ಹೋಗುವುದು 20240403 ಅನ್ನುವ ರೂಪದಲ್ಲಿ, ಅದನ್ನು ಯಾವ ಭಾಷೆಯ ಲಾಗಿನ್ ಆದರೂ ಒಂದೇ ರೀತಿ ಓದುತ್ತದೆ. ವೋಚರ್ ನಂಬರ್‌ಗೆ ಯೂನಿಕ್ ಕೀ (ಒಂದೇ ನಂಬರ್ ಎರಡು ಸಲ ಬಾರದಂತೆ ತಡೆಯುವ ನಿಯಮ) ಇರಲೇಬೇಕು. ಇಲ್ಲದಿದ್ರೆ ನೆಟ್‌ವರ್ಕ್ ಕಡಿದು ಮತ್ತೆ ಕಳಿಸಿದಾಗ ಅದೇ ರಸೀದಿ ಎರಡು ಸಲ ಕೂತುಬಿಡುತ್ತದೆ. ತಿದ್ದುಪಡಿ ಏನೇ ಇದ್ದರೂ ರಿವರ್ಸಲ್ ಎಂಟ್ರಿಯಲ್ಲೇ, ಅಂದರೆ ತಪ್ಪು ಎಂಟ್ರಿಯನ್ನು ಅಳಿಸದೆ ಅದಕ್ಕೆ ಎದುರು ಎಂಟ್ರಿ ಹಾಕಿಯೇ ಆಗಲಿ.

ನಮ್ಮಲ್ಲಿ ರಿವರ್ಸಲ್ ಇನ್ನೂ ಮುಗಿದಿಲ್ಲ. ವೆಂಡರ್ ಮಾತ್ರ ಕೊನೆಯ ಕಂತು ಯಾವಾಗ ಅಂತ ಕೇಳ್ತಾನೇ ಇದ್ದಾರೆ.