ದಡದಲ್ಲೇ ಮಾಡುವ ಡಿಎನ್‌ಎ ಟೆಸ್ಟ್ ಕಿಟ್: ಮಿಷಿನ್ ಚುರುಕು, ಫಿಲ್ಟರ್ ತಲೆನೋವು

ಜೀಬ್ರಾ ಮಸಲ್, ಕ್ವಾಗಾ ಮಸಲ್‌ನಂಥ ಹೊರಗಿನ ಚಿಪ್ಪುಜೀವಿಗಳು ನೀರಿಗೆ ಸೇರಿಕೊಂಡಿವೆಯಾ ಅಂತ ದಡದಲ್ಲೇ ಕೂತು ನೋಡುವ ಪಿಸಿಆರ್ ಕಿಟ್ ಇದು, ಅಂದರೆ ಜೀವಿಗಳು ನೀರಿಗೆ ಬಿಟ್ಟ ಚೂರುಪಾರು ಡಿಎನ್‌ಎಯನ್ನು ನಕಲು ಮಾಡಿ ಮಾಡಿ ಹೆಚ್ಚಿಸಿ ಪತ್ತೆಹಚ್ಚುತ್ತದೆ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕೊಳ್ಳಬಹುದು, ಆದರೆ ಡಬ್ಬಿಯ ಮೇಲಿನ "ಒಂದು ಗಂಟೆಯಲ್ಲಿ ಫಲಿತಾಂಶ" ಅನ್ನೋದನ್ನು ಪೂರ್ತಿ ನಂಬಬೇಡಿ. ಆ ಒಂದು ಗಂಟೆ ಮಿಷಿನ್‌ನದ್ದು ಮಾತ್ರ.

ಅದಕ್ಕೆ ಮೊದಲು ಡಿಎನ್‌ಎ ಹಿಡಿಯಲು ನೀರು ಸೋಸಬೇಕಲ್ವಾ, ಅಲ್ಲೇ ಇರೋದು ಕಷ್ಟ. ತಿಳಿನೀರಾದರೆ ಸಲೀಸು. ಕೆಸರು, ಪಾಚಿ ಇದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಮತ್ತೊಂದು ಹಾಕು, ಮತ್ತೆ ಪಂಪ್ ಮಾಡು. ಡಬ್ಬಿಯಲ್ಲಿ ಕೊಡುವ ಫಿಲ್ಟರ್ ಸಾಲುವುದೇ ಇಲ್ಲ, ಜಾಸ್ತಿ ತರಿಸಿಟ್ಟುಕೊಳ್ಳಿ.

ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನದ್ದು ಇನ್ನೊಂದು ಕಥೆ. ಅದರಲ್ಲಿರುವ ಹ್ಯೂಮಿಕ್ ಆಸಿಡ್ ಪಿಸಿಆರ್ ಅನ್ನೇ ತಡೆಯುತ್ತದೆ, ಜೀವಿಯ ಡಿಎನ್‌ಎ ಇದ್ದರೂ ನೆಗೆಟಿವ್ ಬರಬಹುದು. ಈ ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದೇ ಒಳಗಿನ ಕಂಟ್ರೋಲ್, ಅಂದರೆ ಟೆಸ್ಟ್ ಸರಿಯಾಗಿ ನಡೆಯಿತಾ ಅಂತ ನೋಡಲು ಮೊದಲೇ ಸೇರಿಸಿಟ್ಟ ಗೊತ್ತಿರುವ ಡಿಎನ್‌ಎ. ಅದೂ ಪತ್ತೆಯಾಗದಿದ್ದರೆ "ಇಲ್ಲ" ಅನ್ನದೆ "ಟೆಸ್ಟ್ ಆಗಿಲ್ಲ" ಅಂತ ತೋರಿಸುತ್ತದೆ. ಆಗ ಸ್ಯಾಂಪಲ್ ತೆಳು ಮಾಡಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಂಟ್ರೋಲ್ ಇಲ್ಲದ ಕಿಟ್ ಪುಕ್ಕಟೆ ಕೊಟ್ಟರೂ ಬೇಡ.

ಇಷ್ಟೆಲ್ಲ ಯಾಕೆ ಅಂದರೆ, ಮಸಲ್ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಪೈಪಿಗೆ ಅಂಟಿದ ಚಿಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಇನ್ನು ಪಾಸಿಟಿವ್ ಬಂದರೆ? ಮೇಲಿನವರು ಕೇಳುವ ಮೊದಲ ಪ್ರಶ್ನೆ, "ಜೀವಂತ ಇದೆಯಾ?" ಕಿಟ್‌ಗೆ ಅದು ಗೊತ್ತಿಲ್ಲ. ದೋಣಿಯ ತಳದಲ್ಲಿ ಸತ್ತು ಅಂಟಿದ್ದು, ಹಕ್ಕಿ ಹಿಕ್ಕೆಯಲ್ಲಿ ಬಂದದ್ದು, ಎಲ್ಲ ಒಂದೇ ಥರ ಕಾಣುತ್ತದೆ. ಷಿಕಾಗೋ ಕಾಲುವೆಗಳಲ್ಲಿ ಏಷ್ಯನ್ ಕಾರ್ಪ್ ಮೀನಿನ ಡಿಎನ್‌ಎ 2009ರಲ್ಲಿ, ಆ ಮೀನು ಮಹಾಸರೋವರಗಳತ್ತ ದಾಟದಂತೆ ನೀರಲ್ಲಿ ಹಾಕಿದ್ದ ವಿದ್ಯುತ್ ತಡೆಯ ಆಚೆ ಸಿಕ್ಕಾಗ ಎದ್ದದ್ದೂ ಇದೇ ಜಗಳ. ಮರುವರ್ಷ ತಡೆಯ ಆಚೆಯ ಕ್ಯಾಲುಮೆಟ್ ಸರೋವರದಲ್ಲಿ ಅದೇ ಗುಂಪಿನ ಒಂದು ಬಿಗ್‌ಹೆಡ್ ಕಾರ್ಪ್ ಸಿಕ್ಕಿತು, ಆದರೂ ವಾದ ನಿಲ್ಲಲಿಲ್ಲ. ಅದಕ್ಕೇ ನಮ್ಮ ಕೈಯಿಂದಲೋ ಸಾಮಾನಿನಿಂದಲೋ ಡಿಎನ್‌ಎ ಸೇರಿಲ್ಲ ಅಂತ ತೋರಿಸಲು, ಪ್ರತಿ ಸಲ ಶುದ್ಧ ನೀರಿನ ಬ್ಲ್ಯಾಂಕ್ (ಖಾಲಿ ಸ್ಯಾಂಪಲ್) ಒಂದನ್ನು ಜೊತೆಗೇ ಸೋಸಿ, ಸಾಮಾನಿಗೆ ಬ್ಲೀಚ್ ಹಾಕಿ, ಗ್ಲೌಸ್ ಬದಲಿಸಿ. ಬೇಜಾರಿನ ಕೆಲಸ, ಆದರೆ ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸಲು ಅದೊಂದೇ ಇರುತ್ತದೆ.

ರೀಜೆಂಟ್ (ಟೆಸ್ಟ್‌ಗೆ ಬೇಕಾದ ರಾಸಾಯನಿಕ) ಒಣಪುಡಿ, ಫ್ರಿಡ್ಜ್ ಹೊರಬೇಕಿಲ್ಲ. ಬ್ಯಾಟರಿ ಪರವಾಗಿಲ್ಲ. ಆ್ಯಪ್ ಸುಮ್ನೆ ಆಗಾಗ ಕೈಕೊಡುತ್ತದೆ.

ನನ್ನ ದೊಡ್ಡ ದೂರು ಬೇರೆ. ಒಂದು ಟೆಸ್ಟ್ ಹುಡುಕುವುದು ನಾವು ಹೇಳಿದ ಜೀವಿಯನ್ನು ಮಾತ್ರ. ಪಟ್ಟಿಯಲ್ಲಿ ಇಲ್ಲದ್ದು ಪಕ್ಕದಲ್ಲೇ ಈಜುತ್ತಿದ್ದರೂ ಇದಕ್ಕೆ ಸುಳಿವು ಸಿಗದು, ಹಾಗಾಗಿ ಬಲೆ, ಮೈಕ್ರೋಸ್ಕೋಪ್ ಎರಡನ್ನೂ ಇನ್ನೂ ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ.