ಮೊದಲ ಬದಿಯ ಶ್ರುತಿ: ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯ ದೀರ್ಘಕಾಲದ ಬಳಕೆಯ ನಂತರ

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯ ಹಳೆಯ ಎಲ್‌ಪಿಯನ್ನು (ಗ್ರಾಮಫೋನ್ ತಟ್ಟೆಯನ್ನು) ಕೊಳ್ಳಬೇಕೆಂದಿರುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಅದರ ಮೊದಲ ಬದಿಯ ಶ್ರುತಿ ಇರಬೇಕಾದುದಕ್ಕಿಂತ ಸ್ವಲ್ಪ ಏರಿದೆ. ಅದು ತಟ್ಟೆ ಸವೆದು ಬಂದ ದೋಷವಲ್ಲ, ನಿಮ್ಮ ಟರ್ನ್‌ಟೇಬಲ್‌ನ ತಪ್ಪೂ ಅಲ್ಲ. 1959ರಲ್ಲಿ ಹೊರಬಂದ ಮೊದಲ ಪ್ರತಿಯಿಂದ ಹಿಡಿದು 1992ರಲ್ಲಿ ಸರಿಪಡಿಸಿದ ಸಿ.ಡಿ. ಬರುವವರೆಗೆ, ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’ ಮತ್ತು ‘ಬ್ಲೂ ಇನ್ ಗ್ರೀನ್’ ಎಂಬ ಮೂರು ರಚನೆಗಳನ್ನು ಜಗತ್ತು ನುಡಿಸಿದ್ದಕ್ಕಿಂತ ತುಸು ವೇಗವಾಗಿ, ತುಸು ಎತ್ತರದ ಸ್ವರದಲ್ಲಿ ಕೇಳಿತು. ಏರಿಕೆ ಅರ್ಧ ಸ್ವರಕ್ಕಿಂತ ಕಡಿಮೆ. ತಂಬೂರಿಯ ಪಕ್ಕದಲ್ಲಿ ಕುಳಿತು ಸಂಗೀತ ಕಲಿತವರಿಗೆ ಮಾತ್ರ ಅಷ್ಟು ವ್ಯತ್ಯಾಸವೂ ಕಿವಿಯನ್ನು ಚುಚ್ಚುವಷ್ಟಿದೆ.

ಇದು ಆದ ಬಗೆಯನ್ನು ತಿಳಿದುಕೊಂಡರೆ ಆ ಕಾಲದ ಧ್ವನಿಮುದ್ರಣ ಹೇಗೆ ನಡೆಯುತ್ತಿತ್ತು ಎಂಬುದೂ ತಿಳಿಯುತ್ತದೆ. ಕೊಲಂಬಿಯಾ ಎಂಬ ಧ್ವನಿಮುದ್ರಣ ಸಂಸ್ಥೆಯು ನ್ಯೂಯಾರ್ಕ್‌ನ ಪೂರ್ವ 30ನೆಯ ಬೀದಿಯಲ್ಲಿದ್ದ ಹಳೆಯ ಚರ್ಚ್ ಕಟ್ಟಡವೊಂದನ್ನು ಸ್ಟುಡಿಯೋ ಮಾಡಿಕೊಂಡಿತ್ತು. ಎತ್ತರದ ಚಾವಣಿಯ ಆ ಒಂದೇ ಕೋಣೆಯಲ್ಲಿ 1959ರ ಮಾರ್ಚ್ 2ರಂದು ಡೇವಿಸ್, ಜಾನ್ ಕೋಲ್ಟ್ರೇನ್ (ಟೆನರ್ ಸ್ಯಾಕ್ಸೋಫೋನ್), ಕ್ಯಾನನ್‌ಬಾಲ್ ಆಡರ್ಲಿ (ಆಲ್ಟೋ ಸ್ಯಾಕ್ಸೋಫೋನ್), ಪಾಲ್ ಚೇಂಬರ್ಸ್ (ಡಬಲ್ ಬಾಸ್), ಜಿಮ್ಮಿ ಕಾಬ್ (ಡ್ರಮ್ಸ್) ಮತ್ತು ಇಬ್ಬರು ಪಿಯಾನೋ ವಾದಕರು ಸೇರಿದರು. ‘ಫ್ರೆಡ್ಡಿ ಫ್ರೀಲೋಡರ್’ಗೆ ವಿಂಟನ್ ಕೆಲ್ಲಿ, ಉಳಿದವುಗಳಿಗೆ ಬಿಲ್ ಎವಾನ್ಸ್. ಎಲ್ಲರೂ ಒಟ್ಟಿಗೆ ನುಡಿಸಿದ್ದನ್ನು ಎಂಜಿನಿಯರ್ ಫ್ರೆಡ್ ಪ್ಲಾಟ್ ಮೂರೇ ಟ್ರ್ಯಾಕ್‌ಗಳ ಟೇಪಿಗೆ ನೇರವಾಗಿ ಇಳಿಸಿದರು. ಒಬ್ಬೊಬ್ಬರ ವಾದನವನ್ನು ಬೇರೆ ಬೇರೆಯಾಗಿ ಮುದ್ರಿಸಿ, ಆಮೇಲೆ ತಿದ್ದಿ ಜೋಡಿಸುವ ಇಂದಿನ ಪದ್ಧತಿಗೆ ಅಲ್ಲಿ ಜಾಗವೇ ಇರಲಿಲ್ಲ. ಮುನ್ನೆಚ್ಚರಿಕೆಗಾಗಿ ಎರಡು ಯಂತ್ರಗಳು ಜೊತೆಜೊತೆಯಾಗಿ ಓಡುತ್ತಿದ್ದವು. ಆ ದಿನ ಮುಖ್ಯ ಯಂತ್ರ ನಿಗದಿತ ವೇಗಕ್ಕಿಂತ ನಿಧಾನವಾಗಿ ಓಡಿತು. ನಿಧಾನವಾಗಿ ಸಾಗುವಾಗ ತುಂಬಿಕೊಂಡ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸಂಗೀತ ಬೇಗ ಮುಗಿಯುತ್ತದೆ, ಸ್ವರ ಮೇಲೇರುತ್ತದೆ. ಏಪ್ರಿಲ್ 22ರ ಎರಡನೆಯ ಬೈಠಕ್ಕಿನ ಟೇಪಿಗೆ ಈ ತೊಂದರೆ ಇರಲಿಲ್ಲವಾದ್ದರಿಂದ ಎಲ್‌ಪಿಯ ಎರಡನೆಯ ಬದಿ ಮೊದಲಿನಿಂದಲೂ ಸರಿಯಾಗಿಯೇ ಇದೆ. ಮೊದಲ ದಿನದ ಜೊತೆ ಯಂತ್ರದ ಟೇಪು ಸರಿಯಾದ ವೇಗದಲ್ಲಿತ್ತು. 1992ರ ತಿದ್ದುಪಡಿ ಸಾಧ್ಯವಾದದ್ದು ಅದರಿಂದಲೇ.

ನನ್ನ ಬಳಿ ಇರುವುದು ಆ ತಿದ್ದುಪಡಿಗೂ ಹಿಂದಿನ ಎಲ್‌ಪಿ. ಅದನ್ನು ಹಾಕುವ ಮೊದಲು ನಾನು ಮಾಡುವ ಕೆಲಸಗಳು ಈಗ ಒಂದು ಕ್ರಮಕ್ಕೆ ಬಂದುಬಿಟ್ಟಿವೆ. ಮೃದುವಾದ ಬ್ರಷ್‌ನಿಂದ ತಟ್ಟೆಯ ಧೂಳು ತೆಗೆದು, ಮುಳ್ಳಿನ ತುದಿಯನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ಸವರಿ, ಬೆಂಗಳೂರಿನಲ್ಲೇ ತಯಾರಾದ ರಾಡೆಲ್ ಶ್ರುತಿಪೆಟ್ಟಿಗೆಯನ್ನು ‘ಸೋ ವಾಟ್’ನ ಆಧಾರಸ್ವರವಾದ ಬಿಳಿ ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಬಿಳಿ ಮನೆಗೆ) ಇಟ್ಟು ಸಣ್ಣಗೆ ಹಚ್ಚುತ್ತೇನೆ. ‘ಸೋ ವಾಟ್’ ಆರಂಭದಲ್ಲಿ ಪಿಯಾನೋ ಮತ್ತು ಡಬಲ್ ಬಾಸ್ ಲಯದ ಕಟ್ಟಿಲ್ಲದೆ ಮೆಲ್ಲಗೆ ಮಾತಾಡಿಕೊಂಡ ಮೇಲೆ, ಚೇಂಬರ್ಸ್ ಅವರ ಬಾಸ್ ಮುಖ್ಯ ಸಂಗತಿಯನ್ನು, ಅಂದರೆ ರಚನೆಯ ಮೂಲ ಧಾಟಿಯನ್ನು, ಎತ್ತಿಕೊಳ್ಳುತ್ತದೆ. ಉಳಿದವರು ಎರಡೆರಡು ಸ್ವರಮೇಳಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳಲ್ಲಿ) ಅದಕ್ಕೆ ಉತ್ತರ ಕೊಡುತ್ತಾರೆ. ಆಗ ಟರ್ನ್‌ಟೇಬಲ್‌ನ ವೇಗ ಬದಲಿಸುವ ಜಾರುಗುಂಡಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆಯುತ್ತ ಹೋಗುತ್ತೇನೆ. ಬಾಸ್‌ನ ಷಡ್ಜ ಪೆಟ್ಟಿಗೆಯ ಷಡ್ಜದೊಳಗೆ ಕರಗಿದ ಕ್ಷಣದಲ್ಲಿ ಕೈ ತೆಗೆದು ಶ್ರುತಿಪೆಟ್ಟಿಗೆಯನ್ನು ಆರಿಸುತ್ತೇನೆ. ಅದನ್ನು ಹಚ್ಚಿಯೇ ಇಡುವಂತಿಲ್ಲ, ಏಕೆಂದರೆ ನಾಲ್ಕು ನಾಲ್ಕು ಮಾತ್ರೆಗಳ ಮೂವತ್ತೆರಡು ಗುಚ್ಛಗಳ ಈ ಆವರ್ತದಲ್ಲಿ ಮೊದಲ ಹದಿನಾರು ಮುಗಿದ ಕೂಡಲೇ ಇಡೀ ಸ್ವರಶ್ರೇಣಿ ಎಂಟು ಗುಚ್ಛಗಳ ಮಟ್ಟಿಗೆ ಅರ್ಧ ಸ್ವರ ಮೇಲಕ್ಕೆ, ಅಂದರೆ ಕಪ್ಪು ಎರಡಕ್ಕೆ ಏರಿ, ಕೊನೆಯ ಎಂಟರಲ್ಲಿ ಮತ್ತೆ ಕೆಳಗಿಳಿಯುತ್ತದೆ. ಎರಡನೆಯ ಬದಿಗೆ ತಟ್ಟೆ ತಿರುವಿದಾಗ ಜಾರುಗುಂಡಿಯನ್ನು ಸೊನ್ನೆಗೆ ತರಬೇಕು.

ಇಷ್ಟು ಶ್ರಮಕ್ಕೆ ಫಲವಿದೆಯೇ ಎಂದರೆ, ಖಂಡಿತವಾಗಿಯೂ ಇದೆ. ‘ಬ್ಲೂ ಇನ್ ಗ್ರೀನ್’ ರಚನೆಯಲ್ಲಿ ಡೇವಿಸ್ ಟ್ರಂಪೆಟ್‌ನ ಬಾಯಿಗೆ ನಾದವನ್ನು ತಗ್ಗಿಸುವ ಲೋಹದ ಹಾರ್ಮನ್ ಮ್ಯೂಟ್ ಸಿಕ್ಕಿಸಿ, ಮೈಕಿಗೆ ತೀರ ಹತ್ತಿರ ನಿಂತು ನುಡಿಸುತ್ತಾರೆ. ವೇಗ ಹೆಚ್ಚಾದಾಗ ಆ ನಾದ ತೆಳುವಾಗಿ, ತವರದ ತಗಡಿನ ಛಾಯೆ ಪಡೆಯುತ್ತದೆ. ವೇಗ ತಗ್ಗಿಸಿದರೆ ಅದೇ ನಾದಕ್ಕೆ ಮೈ ತುಂಬುತ್ತದೆ, ಸ್ವರಗಳ ನಡುವಿನ ಮೌನಕ್ಕೂ ಅಗತ್ಯವಾದ ಬಿಡುವು ದೊರೆಯುತ್ತದೆ. ಉಳಿದ ರಚನೆಗಳಲ್ಲಿ ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೋಫೋನ್ ಎಡಕ್ಕೂ ಆಡರ್ಲಿ ಅವರ ಆಲ್ಟೋ ಬಲಕ್ಕೂ ಕೇಳಿಸುತ್ತದೆ. ಕದ್ರಿ ಗೋಪಾಲನಾಥರ ಕಛೇರಿಗಳಿಂದಲೇ ಸ್ಯಾಕ್ಸೋಫೋನನ್ನು ಅರಿತ ನಮ್ಮಂಥವರಿಗೆ ಆಲ್ಟೋದ ಗಂಟಲು ಮೊದಲೇ ಪರಿಚಿತ. ಅದರ ಎದುರಿಗೆ ಟೆನರ್‌ನ ಒರಟು ಗಾಂಭೀರ್ಯವನ್ನು ಇಟ್ಟು ಕೇಳುವುದು ಈ ಧ್ವನಿಮುದ್ರಿಕೆ ನನಗೆ ಕೊಟ್ಟ ದೊಡ್ಡ ಸುಖಗಳಲ್ಲಿ ಒಂದು. ‘ಸೋ ವಾಟ್’ನ ಮೊದಲ ಭಾಗದ ಸ್ವರಗಳು ಖರಹರಪ್ರಿಯದ ಸ್ವರಗಳೇ ಆಗಿವೆ. ಆದರೂ ಅದನ್ನು ರಾಗವೆಂದು ಕೇಳಲು ಹೊರಟರೆ ನಿರಾಶೆಯಾಗುತ್ತದೆ. ಅಲ್ಲಿ ಗಮಕದ ನಿಯಮವಿಲ್ಲ, ಜೀವಸ್ವರದ ಕಲ್ಪನೆಯಿಲ್ಲ. ಬೇಗಬೇಗನೆ ಬದಲಾಗುವ ಸ್ವರಮೇಳಗಳ ಬೆನ್ನು ಹತ್ತುವ ಬದಲು ಒಂದೇ ಶ್ರೇಣಿಯಲ್ಲಿ ದೀರ್ಘಕಾಲ ನಿಂತು ಯೋಚಿಸುವ ಅವಕಾಶವನ್ನು ವಾದಕರಿಗೆ ಕೊಡುವುದಷ್ಟೇ ಅದರ ಉದ್ದೇಶ.

ಜಾರುಗುಂಡಿಯ ಕಾಟವೇ ಬೇಡವೆಂದು ನಾನು ಕೆಲವು ವರ್ಷಗಳ ಹಿಂದೆ ಹೊಸದಾಗಿ ಅಚ್ಚಾದ ಭಾರವಾದ ಎಲ್‌ಪಿಯೊಂದನ್ನು ತರಿಸಿದೆ. ಬೆಲೆ ನನ್ನ ಅಳತೆಗೆ ತೀರ ಹೆಚ್ಚೇ ಆಗಿತ್ತು; ಆ ಹಣದಲ್ಲಿ ಹಲವು ಸಿ.ಡಿ.ಗಳು ಬರುತ್ತಿದ್ದವು. ದಪ್ಪನೆಯ ಹೊದಿಕೆ, ಒಳಗೆ ರೇಷ್ಮೆಯಂತಹ ಚೀಲ, ತಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ನಡುವಿನ ತೂತು ಸರಿಯಾಗಿ ನಡುವಿನಲ್ಲಿರಲಿಲ್ಲ. ಹಾಗಾದಾಗ ಪ್ರತಿಯೊಂದು ಸುತ್ತಿನಲ್ಲೂ ಮುಳ್ಳು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗುತ್ತದೆ, ಸ್ವರವೂ ಅದರೊಡನೆ ಏರಿಳಿಯುತ್ತದೆ. ಡ್ರಮ್ಸ್ ಜೋರಾಗಿರುವಲ್ಲಿ ಇದು ಅಷ್ಟಾಗಿ ತಿಳಿಯದು. ಬಿಲ್ ಎವಾನ್ಸ್ ಒಂದು ಸ್ವರಮೇಳವನ್ನು ಒತ್ತಿ ಹಿಡಿದು, ಅದು ತಾನಾಗಿ ಆರಿಹೋಗಲು ಬಿಡುವ ಕಡೆಗಳಲ್ಲಿ ಪಿಯಾನೋದಂತಹ ಸ್ಥಿರಸ್ವರದ ವಾದ್ಯವೇ ಆಂದೋಲಿಸುವುದನ್ನು ಕೇಳಬೇಕಾಗುತ್ತದೆ. ಮಾರಿದವರಿಗೆ ಬರೆದೆ, ತಟ್ಟೆ ಬದಲಿಸಿಕೊಡುವುದಕ್ಕೆ ಇದು ಕಾರಣವಲ್ಲವೆಂಬ ಉತ್ತರ ಬಂತು. ಅಷ್ಟು ಬೆಲೆಯ ವಸ್ತುವಿನ ಹೊದಿಕೆಯ ಮೇಲೆ, ಮೊದಲ ಬದಿಯನ್ನು ಸರಿಪಡಿಸಿದ ವೇಗದಲ್ಲಿ ಕೊರೆಯಲಾಗಿದೆಯೇ ಇಲ್ಲವೇ ಎಂಬ ಒಂದು ಸಾಲು ಕೂಡ ಇರಲಿಲ್ಲ. ಹೊದಿಕೆಯ ಅಂದಕ್ಕೆ ಇಷ್ಟು ಗಮನ ಕೊಟ್ಟವರು ಒಳಗಿರುವ ಸಂಗೀತದ ಶ್ರುತಿಯ ಬಗ್ಗೆ ಕೊಳ್ಳುವವರಿಗೆ ಏನೂ ಹೇಳದಿರುವುದನ್ನು ನಾನು ಸಣ್ಣ ಲೋಪವೆಂದು ಒಪ್ಪಲಾರೆ.

ಆ ಬೇಸರದಲ್ಲೇ ಕೊಂಡದ್ದು ಸಾಧಾರಣ ಬೆಲೆಯ, ವೇಗ ಸರಿಪಡಿಸಿದ ಸಿ.ಡಿ. ಈಗ ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಅದೇ. ಮೊದಲ ಬದಿಯ ರಚನೆಗಳು ಕೆಲವು ಸೆಕೆಂಡು ಉದ್ದವಾಗಿವೆ, ಬಿಳಿ ಎರಡು ಬಿಳಿ ಎರಡಾಗಿಯೇ ಇದೆ. ಇದಕ್ಕಿಂತ ಮುಖ್ಯವಾಗಿ, ತಟ್ಟೆಯ ಕರಕರ ಇಲ್ಲದ ಕಾರಣ ಆ ಚರ್ಚ್ ಕಟ್ಟಡದ ಗಾಳಿಯೇ ಕೇಳಿಸತೊಡಗುತ್ತದೆ. ಡೇವಿಸ್ ಅವರ ಏಕವಾದನ ಶುರುವಾಗುವಲ್ಲಿ ಕಾಬ್ ಸಿಂಬಲ್‌ಗೆ (ಡ್ರಮ್ಸ್ ಜೊತೆಗಿನ ತಾಳದ ತಟ್ಟೆಗೆ) ಕೊಡುವ ಒಂದು ಪೆಟ್ಟಿದೆ. ಅದರ ಅನುರಣನ ಚಾವಣಿಯವರೆಗೆ ಹರಡಿ ಇಳಿಯುವುದನ್ನು ಕೇಳಿದರೆ ಸ್ಟುಡಿಯೋದ ಎತ್ತರ ಕಣ್ಣಿಗೆ ಕಟ್ಟುತ್ತದೆ. ಆ ದಿನದ ಟೇಪುಗಳಲ್ಲಿ ನಿರ್ಮಾಪಕ ಇರ್ವಿಂಗ್ ಟೌನ್‌ಸೆಂಡ್ ಅವರು, ಆರಂಭ ಬಹಳ ಮೆಲ್ಲಗಿರುವುದರಿಂದ ಸ್ನೇರ್ ಡ್ರಮ್ಮಿನ ಕಂಪನವೂ ಮೈಕಿಗೆ ಬೀಳುತ್ತಿದೆಯೆಂದು ಎಚ್ಚರಿಸುವುದು ದಾಖಲಾಗಿದೆ. ಅದೆಲ್ಲವೂ ಸಂಗೀತಕ್ಕೆ ಸೇರಿದ್ದೇ ಎಂಬ ಅರ್ಥದ ಉತ್ತರವನ್ನು ಡೇವಿಸ್ ಕೊಡುತ್ತಾರೆ. ಗದ್ದಲವೆಂದು ತೆಗೆದುಹಾಕಬಹುದಾಗಿದ್ದ ಕಂಪನವನ್ನು ಉಳಿಸಿಕೊಳ್ಳಬೇಕೆಂದ ಕಲಾವಿದರ ಕೃತಿಯನ್ನು ಯಂತ್ರವೊಂದು ಮೂವತ್ತಕ್ಕೂ ಹೆಚ್ಚು ವರ್ಷ ತಪ್ಪು ಶ್ರುತಿಯಲ್ಲಿ ಕೇಳಿಸಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಎರಡನೆಯ ಬದಿಯ ‘ಆಲ್ ಬ್ಲೂಸ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆರು ಮಾತ್ರೆಗಳ ಆ ತೂಗು ಯಾರಿಗಾದರೂ ಮೊದಲ ಸಲಕ್ಕೇ ಹಿಡಿಸುತ್ತದೆ. ‘ಫ್ಲಮೆಂಕೋ ಸ್ಕೆಚಸ್’ ಮಾತ್ರ ನಿಧಾನವಾಗಿ ಬಿಚ್ಚಿಕೊಳ್ಳುವ ರಚನೆ. ಅದಕ್ಕೆ ಬರೆದಿಟ್ಟ ಮುಖ್ಯ ಸಂಗತಿಯೇ ಇಲ್ಲ. ಐದು ಸ್ವರಶ್ರೇಣಿಗಳು ಒಂದರ ನಂತರ ಒಂದರಂತೆ ಬರುತ್ತವೆ, ಪ್ರತಿಯೊಬ್ಬ ವಾದಕರೂ ಒಂದು ಶ್ರೇಣಿಯಲ್ಲಿ ತಮಗೆ ಸಾಕೆನಿಸುವವರೆಗೆ ಇದ್ದು ಮುಂದಿನದಕ್ಕೆ ದಾಟುತ್ತಾರೆ. ಯಾರು ಎಲ್ಲಿ ಎಷ್ಟು ಹೊತ್ತು ತಂಗುತ್ತಾರೆ ಎಂಬುದನ್ನು ಗಮನಿಸುವುದೇ ಕೇಳುವವರ ಕೆಲಸ. ಸ್ಪೇನಿನ ಛಾಯೆಯ ನಾಲ್ಕನೆಯ ಶ್ರೇಣಿಯನ್ನು ಬಿಟ್ಟು ಹೊರಡಲು ಯಾರಿಗೂ ಮನಸ್ಸಿಲ್ಲವೆಂದು ನನಗೆ ಅನ್ನಿಸುತ್ತದೆ. ಧ್ವನಿಮುದ್ರಿಕೆಯ ಇತರ ರಚನೆಗಳೆಲ್ಲ ಪೂರ್ತಿಯಾಗಿ ನುಡಿಸಿದ ಮೊದಲ ಸಲವೇ ಅಂಗೀಕಾರವಾದವು, ಇದನ್ನು ಮಾತ್ರ ಎರಡು ಬಾರಿ ಪೂರ್ತಿಯಾಗಿ ನುಡಿಸಿ ಎರಡನೆಯದನ್ನು ಆರಿಸಿಕೊಂಡರು. ಬಿಟ್ಟಿದ್ದ ಮೊದಲನೆಯದು ನನ್ನ ಸಿ.ಡಿ.ಯ ಕೊನೆಯಲ್ಲಿ ಸೇರಿದೆ. ಹಳೆಯ ಎಲ್‌ಪಿ ಇದ್ದವರೂ ಸಿ.ಡಿ. ಕೊಳ್ಳಲು ಅದೊಂದೇ ಸಾಕಾದ ಕಾರಣ.

ಇದೇ ಕೋಣೆಯ ಗಾಳಿಯಲ್ಲಿ ಮನುಷ್ಯಕಂಠ ಹೇಗೆ ಕೇಳಿಸುತ್ತದೆಂಬ ಕುತೂಹಲವಿದ್ದವರು ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ‘ಲೇಡಿ ಇನ್ ಸ್ಯಾಟಿನ್’ ಅನ್ನು ಜೊತೆಗೆ ಇಟ್ಟುಕೊಳ್ಳಬೇಕು. 1958ರ ಫೆಬ್ರವರಿಯಲ್ಲಿ, ಅದೇ ಸ್ಟುಡಿಯೋದಲ್ಲಿ, ಅದೇ ಪ್ಲಾಟ್ ಮತ್ತು ಟೌನ್‌ಸೆಂಡ್ ಅವರ ಉಸ್ತುವಾರಿಯಲ್ಲಿ, ರೇ ಎಲ್ಲಿಸ್ ಅವರ ದೊಡ್ಡ ವಾದ್ಯವೃಂದದ ಎದುರು ನಿಂತು ಅವರು ಹಾಡಿದರು. ಅಷ್ಟು ಹೊತ್ತಿಗೆ ಅವರ ದನಿ ಬಿರುಕು ಬಿಟ್ಟಿತ್ತು; 1959ರ ಜುಲೈ 17ರಂದು, ‘ಕೈಂಡ್ ಆಫ್ ಬ್ಲೂ’ ಬಿಡುಗಡೆಗೆ ಸರಿಯಾಗಿ ಒಂದು ತಿಂಗಳ ಹಿಂದೆ, ಅವರು ತೀರಿಕೊಂಡರು. ಪಿಟೀಲುಗಳ ನಯವಾದ ಹಾಸಿನ ಮೇಲೆ ಆ ಒಡೆದ ಕಂಠ ಪ್ರತಿಯೊಂದು ಪದವನ್ನೂ ತೂಗಿ ಇಡುವುದನ್ನು ಕೇಳುವಾಗ, ಸ್ವರ ಒಂದೆರಡು ಕಡೆ ಜಾರಿದರೂ ಶ್ರುತಿಪೆಟ್ಟಿಗೆಯನ್ನು ಹಚ್ಚಿ ನೋಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಗಾಯಕಿ ತಾವಾಗಿ ಒಂದು ಸ್ವರವನ್ನು ಕೆಳಗಿಳಿಸುವುದು ಭಾವಕ್ಕೆ ಸೇರಿದ ಸಂಗತಿ. ಯಂತ್ರ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎತ್ತಿಬಿಡುವುದು ಬೇರೆಯೇ ಸಂಗತಿ. ‘ದಿ ಎಂಡ್ ಆಫ್ ಎ ಲವ್ ಅಫೇರ್’ ಎಂಬ ಹಾಡು ಆಗಿನ ಮೊನೋ ಎಲ್‌ಪಿಯಲ್ಲಿ ಮಾತ್ರ ಇತ್ತು, ಸ್ಟೀರಿಯೋ ಎಲ್‌ಪಿಯಲ್ಲಿ ಇರಲಿಲ್ಲ. ಹಳೆಯ ಪ್ರತಿ ಸಿಕ್ಕಿದರೆ ಹಾಡುಗಳ ಪಟ್ಟಿಯನ್ನು ಓದಿಯೇ ಕೊಳ್ಳಿ.

ನನ್ನಂತೆ ತಿಂಗಳ ಸಂಬಳದಲ್ಲಿ ಸಂಗೀತಕ್ಕೆಂದು ಸಣ್ಣ ಮೊತ್ತವನ್ನು ಎತ್ತಿಡುವವರು 1997ರಲ್ಲಿ ಎಂಜಿನಿಯರ್ ಮಾರ್ಕ್ ವೈಲ್ಡರ್ ಅವರು ಮೂಲ ಟೇಪಿನ ಮೂರು ಟ್ರ್ಯಾಕ್‌ಗಳಿಂದ ಹೊಸದಾಗಿ ಮಿಶ್ರಣ ಮಾಡಿದ ಸಿ.ಡಿ.ಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಹಳೆಯ ಎಲ್‌ಪಿ ಕಡಿಮೆ ಬೆಲೆಗೆ ದೊರೆತು, ನಿಮ್ಮ ಟರ್ನ್‌ಟೇಬಲ್‌ಗೆ ವೇಗ ಬದಲಿಸುವ ಸೌಲಭ್ಯವಿದ್ದರೆ ಅದನ್ನೂ ತೆಗೆದುಕೊಳ್ಳಿ. ಎರಡನೆಯ ಬದಿಯೊಂದಕ್ಕೇ ಆ ಹಣ ಸಂದಾಯವಾಗುತ್ತದೆ. ದುಬಾರಿ ಮರುಮುದ್ರಣಗಳನ್ನು ಕೊಳ್ಳುವ ಮೊದಲು, ಮೊದಲ ಬದಿ ಯಾವ ವೇಗದಲ್ಲಿದೆ, ತೂತು ನಡುವಿನಲ್ಲಿಲ್ಲದಿದ್ದರೆ ತಟ್ಟೆಯನ್ನು ಬದಲಿಸಿಕೊಡುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಮಾರುವವರಿಗೆ ಬರವಣಿಗೆಯಲ್ಲೇ ಕೇಳಿ. ಎರಡಕ್ಕೂ ನೇರವಾದ ಉತ್ತರ ಬಾರದಿದ್ದರೆ ಹಣವನ್ನು ಕೈಯಲ್ಲೇ ಉಳಿಸಿಕೊಳ್ಳಿ.